ಬೆತ್ತದ ಬೆನ್ನು

ಬೆತ್ತದಪ್ಪ ಕುರ್ಚಿಯನ್ನು ಮಡಿಲಿಗೆಳೆದುಕೊಂಡು, ಬೋಳಾದ ಚೌಕಟ್ಟಿನ ಸುತ್ತ ಬೆರಳಾಡಿಸಿ ತೂತುಗಳನ್ನು ಎಣಿಸಿದ. "ಹಿಂದಿನ ಸಾಲಲ್ಲಿ ಎರಡು ತೂತು ಮುಚ್ಚಿಹೋಗಿದೆ ತಾಯಿ. ಯಾರೋ ಮೇಲಿಂದ ವಾರ್ನಿಷ್ ಬಳಿದುಬಿಟ್ಟಿದ್ದಾರೆ," ಅಂದ.

ಮನೆಯಾಕೆ ಹಲ್ಲಿನ ಡಾಕ್ಟರು. ಒಳಗಿನಿಂದ ಕೊಕ್ಕೆಮೊನೆಯ ಕಡ್ಡಿಯೊಂದನ್ನು ತಂದು, ಅವನೆದುರು ನೆಲದ ಮೇಲೇ ಕೂತು, ಎರಡೂ ತೂತುಗಳನ್ನು ಕೆರೆದು ಚೊಕ್ಕ ಮಾಡಿದಳು. ಅವನು ಮುಟ್ಟಿ ನೋಡಿ ತಲೆದೂಗಿದ. "ಪಳಗಿದ ಕೈ. ನೀವೂ ತೂತು ತುಂಬೋರು, ನಾನೂ ತೂತು ತುಂಬೋನು. ನನ್ನ ಕುರ್ಚಿ ಅರಚೋದಿಲ್ಲ, ಅಷ್ಟೇ ವ್ಯತ್ಯಾಸ."

ಡಾಕ್ಟರಮ್ಮ ನಕ್ಕಳು. ಪಕ್ಕದಲ್ಲಿ ಬೆತ್ತದ ಸುರುಳಿಯನ್ನು ಬಕೆಟ್ಟಿನ ನೀರಿಗೆ ಅದ್ದುತ್ತಿದ್ದ ಬೆತ್ತದಪ್ಪನ ಹೆಂಡತಿ ಮಾತ್ರ ಕೈ ತಡೆದು ಗಂಡನ ಮುಖ ನೋಡಿದಳು. ಈ ಮನುಷ್ಯ ತಮಾಷೆಯ ಮಾತಾಡಿ ಒಂಬತ್ತು ವರ್ಷವಾಗಿತ್ತು. ಹುಟ್ಟಿನಿಂದಲೇ ಕಣ್ಣಿಲ್ಲದ ಅವನು ದೊಡ್ಡ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕುರ್ಚಿ ಹೆಣೆದಿದ್ದ. ಆಮೇಲೆ ಗಿರಗಿರ ತಿರುಗುವ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಬೆತ್ತದ ಕುರ್ಚಿಗಳು ಗುಜರಿಗೆ ಹೋದವು, ಇವನು ಮನೆಗೆ ಬಂದ. ಅಂದಿನಿಂದ ಸುಮ್ಮನೆ ಕೂತಾಗಲೂ ಅವನ ಬೆರಳುಗಳು ಲುಂಗಿಯ ಅಂಚನ್ನು ಹೆಣೆಯುತ್ತಲೇ ಇರುತ್ತಿದ್ದವು. ಅದನ್ನು ನೋಡಲಾಗದೆ ಅವಳು ಅಡುಗೆಮನೆಗೆ ಎದ್ದುಹೋಗುತ್ತಿದ್ದಳು.

ಡಾಕ್ಟರಮ್ಮ ಇವರನ್ನು ಹುಡುಕಿದ್ದೂ ಒಂದು ಕಥೆಯೇ. ಹಳೆಯ ಕುರ್ಚಿಗಳೆರಡನ್ನು ಹೊತ್ತುಕೊಂಡು ಐದು ಅಂಗಡಿ ಅಲೆದಿದ್ದಳಂತೆ. ಎಲ್ಲರೂ ಸ್ಪಂಜು ಹಾಕಿ ಹೊಲಿದುಬಿಡೋಣ ಅಂದವರೇ. ಕೊನೆಗೆ ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದ ಮುದಿ ಗುಮಾಸ್ತರೊಬ್ಬರು, ಬಾಯಿ ಮುಕ್ಕಳಿಸಿದ್ದೇ ತಡ, "ನಮ್ಮ ಆಫೀಸಲ್ಲಿ ಒಬ್ಬ ಇದ್ದ" ಅಂದರಂತೆ.

"ಮನೆ ಹೊಸದು, ಸಾಮಾನು ಹಳೇದು. ಇದೇನು ಲೆಕ್ಕ ತಾಯಿ?" ಬೆತ್ತದಪ್ಪ ಮೊದಲ ಎಳೆಯನ್ನು ಬಿಗಿದು ಬೆಣೆ ಸಿಕ್ಕಿಸುತ್ತಾ ಕೇಳಿದ.

"ಅರವತ್ತು ಎಪ್ಪತ್ತು ವರ್ಷದ ಹಿಂದಿನ ಶೈಲಿ ಯಜಮಾನರೇ. ಮಿಡ್‌ಸೆಂಚುರಿ ಅಂತಾರೆ. ನನಗೆ ಅದೇ ಹುಚ್ಚು. ನನ್ನ ತಮ್ಮ ಮೊನ್ನೆ ಬಂದವನು, ಹಳೇ ಸರ್ಕಾರಿ ಕಚೇರಿಗೆ ಬಂದವನ ಹಾಗೆ, ಅಕ್ಕಾ, ಅರ್ಜಿ ಯಾವ ಮೇಜಿನಲ್ಲಿ ಕೊಡಬೇಕು ಅಂತ ಕೇಳಿದ."

ಹೆಂಡತಿ ಗಂಡನಿಗೆ ಕೋಣೆಯನ್ನು ಬಣ್ಣಿಸಿದಳು. ತೇಗದ ಉದ್ದನೆಯ ಗಿಡ್ಡ ಬೀರು, ಸಾಸಿವೆ ಬಣ್ಣದ ಸೋಫಾ, ಚೆಂಡಿನಂಥ ದೀಪ. "ಎಲ್ಲದಕ್ಕೂ ಸಣ್ಣನೆ ಓರೆ ಕಾಲು ಕಣ್ರೀ, ಆಗತಾನೇ ಎದ್ದು ನಿಂತ ಕರುವಿನ ಥರ. ಎಲ್ಲೂ ಕೆತ್ತನೆ ಇಲ್ಲ, ನುಣ್ಣಗಿದೆ."

"ಒರೆಸೋಕೆ ಸುಲಭ," ಅಂದ ಅವನು.

ಮೂರನೆಯ ದಿನ ಸಂಜೆ ಎಡವಟ್ಟಾಯಿತು. ಮೊದಲ ಕುರ್ಚಿಯ ಓರೆ ಎಳೆಗಳು ಮುಗಿಯುತ್ತಾ ಬಂದಿದ್ದವು. ಬೆತ್ತದಪ್ಪನ ಹೆಬ್ಬೆರಳು ಒಂದು ಕಡೆ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಅಲ್ಲೇ ನಿಂತಿತು. ಬೆಳಿಗ್ಗೆಯೇ ಒಂದು ತೂತು ತಪ್ಪಿಸಿದ್ದ. ಅವನ ಮುಖ ಸಪ್ಪಗಾಯಿತು. ಕೈಚಳಕ ಹೋಯಿತು, ನಡಿ ಮನೆಗೆ ಅಂದುಬಿಟ್ಟರೆ, ಇನ್ನು ಈ ಜನ್ಮದಲ್ಲಿ ಅವನು ಬೆತ್ತ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಗೊತ್ತಿತ್ತು.

"ಇರಲಿ ಬಿಡಿ, ಕಣ್ಣಿಗೆ ಕಾಣೋದೇ ಇಲ್ಲ," ಡಾಕ್ಟರಮ್ಮ ಬಗ್ಗಿ ನೋಡಿ ಹೇಳಿದಳು.

"ನಿಮಗೆ ಕಾಣಲ್ಲ ತಾಯಿ. ನನಗೆ ಕಾಣುತ್ತೆ."

ಡಾಕ್ಟರಮ್ಮ ಬಕೆಟ್ಟನ್ನು ತಾನೇ ಎತ್ತಿಕೊಂಡು ಹೋಗಿ ಹೊಸ ನೀರು ತುಂಬಿ ತಂದಿಟ್ಟಳು. "ಹಾಗಾದರೆ ಬಿಚ್ಚಿ. ನನಗೇನು ಅವಸರ ಇಲ್ಲ."

ಇಡೀ ದಿನದ ಕೆಲಸವನ್ನು ಬೆತ್ತದಪ್ಪ ಎಳೆಎಳೆಯಾಗಿ ಬಿಚ್ಚಿದ. ಅವನ ಹೆಂಡತಿಗೆ ಡಾಕ್ಟರಮ್ಮನ ಕೈ ಹಿಡಿದು ಏನಾದರೂ ಹೇಳಬೇಕೆನಿಸಿತು. ಅದರ ಬದಲು ನೆಲದ ಮೇಲೆ ಬಿದ್ದಿದ್ದ ಬೆತ್ತದ ಚೂರುಗಳನ್ನು ಒಂದೂ ಬಿಡದೆ ಆರಿಸಿದಳು. ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಗಂಡ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.

ಹನ್ನೊಂದನೆಯ ದಿನ ಎರಡೂ ಕುರ್ಚಿಗಳು ಒಣಗಿ ಬಿಗಿಯಾದವು. ಬೆತ್ತದಪ್ಪ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಸಾಕು ಎಂಬಂತೆ ಕೈ ಒರೆಸಿಕೊಂಡ. ಡಾಕ್ಟರಮ್ಮ ಅವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದಳು.

"ಕೂತು ನೋಡಿ ಯಜಮಾನರೇ."

"ಅಯ್ಯೋ, ನಾನ್ಯಾಕೆ? ಬಟ್ಟೆಯೆಲ್ಲ ಧೂಳು."

"ನಾನಿನ್ನೂ ಕೂತಿಲ್ಲ. ಮೊದಲು ನೀವು ಕೂರಬೇಕು ಅಂತ ಕಾಯ್ತಾ ಇದ್ದೀನಿ."

ಹೆಂಡತಿ ಅವನ ಮೊಣಕೈ ಹಿಡಿದು ಕುರ್ಚಿಯ ಕಡೆ ತಿರುಗಿಸಿದಳು. ಅವನು ಕೈಗಳೆರಡನ್ನೂ ಹಿಡಿಕೆಯ ಮೇಲಿಟ್ಟು, ನೀರಿಗಿಳಿಯುವವನ ಹಾಗೆ ಮೆಲ್ಲಗೆ ಕೂತ. ಬೆನ್ನನ್ನು ಮುಂದಕ್ಕೇ ಹಿಡಿದಿದ್ದವನು ಸ್ವಲ್ಪ ಹೊತ್ತಿನ ಮೇಲೆ ಬೆತ್ತದ ಬೆನ್ನಿಗೆ ಒರಗಿದ. ಕಿವಿಗೊಟ್ಟವನ ಹಾಗೆ ಕೂತೇ ಇದ್ದ. ಅವನು ಎಲ್ಲೋ ತಪ್ಪು ಹುಡುಕುತ್ತಿದ್ದಾನೆಂದು ಹೆಂಡತಿಗೆ ಗಾಬರಿಯಾಯಿತು.

"ಏನ್ರೀ? ಎಲ್ಲಾದರೂ ಸಡಿಲ ಇದೆಯಾ?"

"ಇಲ್ಲ ಕಣೆ." ಬೆತ್ತದಪ್ಪ ಅಲುಗಾಡಲಿಲ್ಲ. "ಬೆನ್ನಿಗೆ ಗಾಳಿ ಬರುತ್ತೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಹೆಣೆದದ್ದರಲ್ಲಿ ಅಷ್ಟು ಜನ ಕೂತು ಎದ್ದರು, ಒಬ್ಬರೂ ಹೇಳಿರಲಿಲ್ಲ ನೋಡು."