ದೀಪಸ್ತಂಭದ ಈಚೆಗೆ

"ದಡದಿಂದ ಎಷ್ಟು ದೂರ ಹೋಗ್ತೀರಿ ಯಜಮಾನ್ರೇ?" ಅಂಗಡಿಯವನು ಕೇಳಿದ. "ಅದೊಂದು ಹೇಳಿಬಿಟ್ರೆ ಈ ಮೋಟಾರಿಗೆ ಎಷ್ಟು ಬ್ಯಾಟರಿ ಬೇಕು ಅಂತ ಲೆಕ್ಕ ಹಾಕ್ತೀನಿ."

ಮೀನುಗಾರ ದೋಣಿ ಮೋಟಾರಿನ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ನಿಂತಿದ್ದ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿಯ ಕಡೆ ಅವನು ನೋಡಲಿಲ್ಲ. "ದೀಪಸ್ತಂಭದ ಈಚೆಗೇ," ಅಂದ. "ಎರಡು ಕಿಲೋಮೀಟರ್ ಅಂದ್ಕೊಳ್ಳಿ."

ಈ ಮಾತನ್ನು ಅವಳು ಹತ್ತೊಂಬತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಳು. ಮದುವೆಯಾದ ವಾರದಲ್ಲೇ ಹೆದರುತ್ತ ಹೆದರುತ್ತ ಕೇಳಿದ್ದಳು, ಎಷ್ಟು ದೂರ ಹೋಗುತ್ತೀರಿ ಎಂದು. ನೀರಿನ ನಡುವೆ ಬಂಡೆಯ ಮೇಲಿರುವ ಆ ದೀಪಸ್ತಂಭದ ಈಚೆಗೇ ಎಂದಿದ್ದ. ಅಷ್ಟೇ ಆದರೆ ಮನೆಯ ಮೆಟ್ಟಿಲ ಮೇಲಿಂದ ದೋಣಿ ಕಾಣಬೇಕು. ಕಾಣದ ದಿನ, ಅವನ ಪ್ರಕಾರ, ಬಿಸಿಲು ಅವಳ ಕಣ್ಣು ಕುಕ್ಕಿರುತ್ತಿತ್ತು, ಇಲ್ಲವೇ ಅವನು ಬಂಡೆಯ ಮರೆಯಲ್ಲಿರುತ್ತಿದ್ದ. ಯಾವುದಾದರೊಂದು ನೆಪ ತಯಾರಿರುತ್ತಿತ್ತು. ಅವಳೂ ನಂಬಿದವಳ ಹಾಗೆ ತಲೆಯಾಡಿಸುತ್ತಿದ್ದಳು. ಆದರೆ ಮೀನು ಹೆಚ್ಚುವವಳು ಅವಳೇ ಅಲ್ಲವೇ? ಅವನು ತರುತ್ತಿದ್ದ ದೊಡ್ಡ ಕೆಂಪು ಮೀನುಗಳ ಕಣ್ಣುಗುಡ್ಡೆ ಹೊರಗೆ ಬಂದಿರುತ್ತಿತ್ತು, ಒಳಗಿನ ಗಾಳಿ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರುತ್ತಿತ್ತು. ಆಳದಿಂದ ಒಂದೇ ಸಲಕ್ಕೆ ಮೇಲೆಳೆದ ಮೀನು ಮಾತ್ರ ಹಾಗಾಗುತ್ತದೆ. ದೀಪಸ್ತಂಭದ ಈಚೆ ಅಂಥ ಆಳ ಎಲ್ಲಿಂದ ಬರಬೇಕು!

"ಎರಡೇ ಕಿಲೋಮೀಟರ್ ಅಂದ್ರೆ ಒಂದು ಬ್ಯಾಟರಿ ಧಾರಾಳ," ಅಂಗಡಿಯವನು ಹೇಳಿದ. "ಇಪ್ಪತ್ತೆರಡು ಕೆಜಿ. ದೋಣಿಗೂ ಭಾರ ಇಲ್ಲ."

ಒಂದು ಬ್ಯಾಟರಿ. ಒಂದು ಗಳಿಗೆ ಅವಳ ಮನಸ್ಸು ಹಗುರವಾಯಿತು. ಒಂದೇ ಇದ್ದರೆ ದೂರ ಹೋಗುವುದಾದರೂ ಹೇಗೆ? ದೋಣಿಯನ್ನು ಮನೆಯ ಮೆಟ್ಟಿಲಿಗೇ ಹಗ್ಗ ಹಾಕಿ ಕಟ್ಟಿದಂತೆ. ಅವಳು ಮಾಡಬೇಕಾದ್ದು ಇಷ್ಟೇ, ಬಾಯಿಗೆ ಬೀಗ ಹಾಕಿಕೊಂಡು ಕೂರುವುದು. ಆದರೆ ಚಿಲಕ ಹಾಕಿದ ಬಾಗಿಲನ್ನೂ ಎರಡು ಸಲ ಎಳೆದು ನೋಡುವ ಹೆಂಗಸು ಅವಳು.

"ನಡುನೀರಲ್ಲಿ ಚಾರ್ಜ್ ಮುಗಿದ್ರೆ?"

"ಹುಟ್ಟು ಹಾಕ್ಕೊಂಡು ಬರೋದು ಅಕ್ಕಾ. ಎರಡು ಕಿಲೋಮೀಟರ್ ತಾನೇ, ವ್ಯಾಯಾಮ ಆಗುತ್ತೆ."

ಗಂಡ ನಕ್ಕ. ನಗುವಾಗಲೂ ಅವನ ಎಡಗೈ ಬಲಭುಜವನ್ನು ಒತ್ತಿಕೊಳ್ಳುತ್ತಿತ್ತು. ಹಳೆಯ ಎಂಜಿನಿನ ಹಗ್ಗ ಎಳೆದೂ ಎಳೆದೂ ಸೋತ ಭುಜ. ಅದಕ್ಕಾಗಿಯೇ ಈ ಹೊಸ ಮೋಟಾರು. ಬ್ಯಾಟರಿ ಒಂದೇ ಇದ್ದರೂ ಇವನು ಹೋಗುವಲ್ಲಿಗೆ ಹೋಗಿಯೇ ತೀರುತ್ತಾನೆ, ಇಷ್ಟು ವರ್ಷದ ಚಾಳಿ ಎಲ್ಲಿ ಬಿಟ್ಟೀತು? ಬ್ಯಾಟರಿ ಮೀಟರಿನ ಗೆರೆಗಳು ಒಂದೊಂದಾಗಿ ಆರುವುದು, ಇವನು ಆ ಭುಜದಲ್ಲಿ ಹುಟ್ಟು ಎತ್ತುವುದು, ಎಲ್ಲ ಅವಳ ಕಣ್ಣಿಗೆ ಕಟ್ಟಿತು.

"ಒಂದು ಸಾಕಾಗಲ್ಲ," ಅಂದಳು. "ಆರು ಕಿಲೋಮೀಟರ್ ಅಂತ ಬರ್ಕೊಳ್ಳಿ."

ರೆಕ್ಕೆಯ ಮೇಲಿದ್ದ ಬೆರಳು ನಿಂತಿತು. "ಆರು ಅಂತ ನಿನಗ್ಯಾರೇ ಹೇಳಿದ್ದು?"

"ನೀವು ತರೋ ಮೀನು. ಮೊಣಕಾಲುದ್ದ ನೀರಲ್ಲಿದ್ದ ಮೀನು ಹಾಗೆ ಕಣ್ಣು ಹೊರಗೆ ಹಾಕ್ಕೊಂಡು ಬರುತ್ತೇನ್ರೀ?"

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

"ನನಗೆ ಗೊತ್ತು ಅಂತ ನಿಮಗೆ ಗೊತ್ತಾಗಿದ್ರೆ ಧೈರ್ಯ ಬಂದು ಇನ್ನೂ ದೂರ ಹೋಗ್ತಿದ್ರಿ."

ಅಂಗಡಿಯವನು ಕ್ಯಾಲ್ಕುಲೇಟರಿನಿಂದ ತಲೆ ಎತ್ತಲಿಲ್ಲ. "ಜಗಳ ಮನೆಗೆ ಹೋಗಿ ಆಡಿ ಅಣ್ಣಾ, ನನಗೊಂದು ಅಂಕಿ ಕೊಡಿ ಸಾಕು. ಆರು ಅಂದ್ರೆ ಎರಡು ಬ್ಯಾಟರಿ. ಹಾಕ್ಲಾ?"

ಗಂಡ ಅಂಗಡಿಗೆ ಬಂದ ಮೇಲೆ ಮೊದಲ ಸಲ ಹೆಂಡತಿಯ ಮುಖ ನೋಡಿದ. ಅಲ್ಲಿ ಸಿಟ್ಟು ಹುಡುಕಿದನೋ ಏನೋ, ಸಿಗಲಿಲ್ಲ.

"ಆರಲ್ಲ," ಅಂದ. "ಹನ್ನೊಂದು."

ಅವಳು ಹನ್ನೊಂದರಲ್ಲಿ ಆರು ಕಳೆದಳು. ಇಷ್ಟು ವರ್ಷ ದಿನಕ್ಕೆ ಐದು ಕಿಲೋಮೀಟರಿನಷ್ಟು ಕಡಿಮೆ ಹೆದರಿಬಿಟ್ಟಿದ್ದಳು! ಆ ಲೆಕ್ಕ ತಲೆಗೆ ಬಂದದ್ದೇ ತಡ, ತಡೆಯಲಾಗದೆ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಗಂಡ ಮೊದಲು ಪೆಚ್ಚಾದ, ಆಮೇಲೆ ಅವನೂ ಸೇರಿಕೊಂಡ.

"ಹಾಗಾದ್ರೆ ಮೂರು," ಅಂಗಡಿಯವನು ಹೇಳಿದ. "ಎದುರುಗಾಳಿ ಬಂದ್ರೂ ವಾಪಸ್ ಬರೋಷ್ಟು ಮಿಕ್ಕಿರುತ್ತೆ."

"ಮೂರೇ ಹಾಕಿ," ಅವಳು ಕಣ್ಣೊರೆಸಿಕೊಳ್ಳುತ್ತ ಅಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅಷ್ಟು ದೂರದಲ್ಲಿ ಅಂಥಾದ್ದೇನಿದೆ ರೀ?"

ಯಾರಾದರೂ ಕೇಳಲಿ ಎಂದು ಹತ್ತೊಂಬತ್ತು ವರ್ಷ ಕಾದವನಂತೆ ಅವನು ಅಂಗಡಿಯವನ ಕೈಯಿಂದ ಮಾರ್ಕರ್ ಪೆನ್ನು ಕಸಿದುಕೊಂಡ. ಕೌಂಟರಿನ ಮೇಲಿದ್ದ ಕಾಗದದಲ್ಲಿ ದಡ ಎಳೆದ, ಮನೆಗೊಂದು ಚುಕ್ಕೆ ಇಟ್ಟ, ದೀಪಸ್ತಂಭ ನಿಲ್ಲಿಸಿದ. "ಇದನ್ನ ದಾಟಿದ್ಮೇಲೆ ನೀರಿನ ಬಣ್ಣವೇ ಬೇರೆ ಕಣೇ. ಇಲ್ಲೊಂದು ಮುಳುಗಿದ ಬಂಡೆ. ಬೆಳಿಗ್ಗೆ ಹೊತ್ತು ಅದರ ನೆತ್ತಿ ಮೇಲೆ ದೋಣಿ ನಿಲ್ಲಿಸಿದ್ರೆ, ಕೆಳಗೆ ಮೀನು ಮಗ್ಗುಲು ಬದಲಾಯಿಸೋದೂ ಕಾಣುತ್ತೆ. ಅಲ್ಲಿಂದ ಇನ್ನೂ ಮುಂದೆ..."

ಕಾಗದ ಮುಗಿಯಿತು, ಗೆರೆ ಮುಗಿಯಲಿಲ್ಲ. ಅದು ಕೌಂಟರಿನ ಗಾಜಿಗೆ ಇಳಿದು ಸೀದಾ ಮುಂದಕ್ಕೆ ಹೊರಟಿತು. ಅಂಗಡಿಯವನು "ಅಯ್ಯಯ್ಯೋ" ಅನ್ನುವಷ್ಟರಲ್ಲಿ ಅವಳು ಗಾಜಿನ ಮೇಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡು, ಗೆರೆಗೆ ದಾರಿ ಬಿಟ್ಟಳು.