ಅಣಬೆಯ ಬುಡ

ಬರೆಯಬೇಕೋ, ಬೇಡವೋ? ಹಿಂದೆ ಒಂದೇ ಅಣಬೆಯ ಬಗ್ಗೆ ವಾರವಿಡೀ ಚರ್ಚೆ ನಡೆಯುತ್ತಿದ್ದ, ಅಮೆರಿಕದ ಆರೆಗಾನಿನ ಅಣಬೆಪ್ರಿಯರ ಈ ಆನ್‌ಲೈನ್ ಗುಂಪಿನಲ್ಲಿ, ಹಳೆಯ ಸದಸ್ಯ ಲೋವೆಲ್ ಈಗ ನಾಲ್ಕು ಸಾಲು ಬರೆದರೂ ಉಳಿದವರು ನಗುತ್ತಾರೆ. ಹೊಸಬಳಾದ ಮರ್ನಾ ಬಿಳಿ ಅಣಬೆಯ ಚಿತ್ರ ಹಾಕಿ, "ತಿನ್ನಬಹುದಾ? ಒಲೆ ಮೇಲೆ ಬೆಣ್ಣೆ ಕಾಯ್ತಾ ಇದೆ," ಎಂದು ಕೇಳಿದ್ದಳು. "ತಿಂದು ನಾಳೆ ಬಂದು ಹೇಳು, ಬರೋಕಾದ್ರೆ!" ಎಂದಿದ್ದ ಒಬ್ಬ. ನಲವತ್ತು ಜನ ನಕ್ಕಿದ್ದರು.

ಚಿತ್ರದಲ್ಲೇ ಕಾಣುತ್ತಿತ್ತು, ಮರ್ನಾ ಅಣಬೆಯನ್ನು ಚಾಕುವಿನಿಂದ ಕೊಯ್ದಿದ್ದಳು. ಬುಡ ಮಣ್ಣಿನಲ್ಲೇ ಉಳಿದಿತ್ತು. ಲೋವೆಲ್ ಬರೆದ: "ಒಲೆ ಆರಿಸಮ್ಮ. ಕೊಯ್ದ ಜಾಗದಲ್ಲಿ ಬುಡ ಅಗೆದು ನೋಡು. ಅದರ ಸುತ್ತ ಚೀಲದಂಥ ಪೊರೆ ಇದ್ರೆ ವಿಷ ಅಂತಲೇ ತಿಳ್ಕೊ."

"ಅಜ್ಜನ ಪಾಠ ಶುರು!" ಎಂದು ಇನ್ನೊಬ್ಬ ಛೇಡಿಸಿದ.

ಅರ್ಧ ಗಂಟೆಯಲ್ಲಿ ಮರ್ನಾಳ ಹೊಸ ಚಿತ್ರ ಬಂತು: ಅಂಗೈಯಲ್ಲಿ ಮಣ್ಣು ಮೆತ್ತಿದ ಬುಡ, ಸುತ್ತ ಬಿಳಿ ಚೀಲ. "ಎಲ್ಲಾ ಎಸೆದೆ ಅಜ್ಜ. ಇನ್ನೇನೇನು ನೋಡ್ಬೇಕು, ಹೇಳಿ."

ಲೋವೆಲ್ ಕನ್ನಡಕ ಒರೆಸಿಕೊಂಡು ಉದ್ದಕ್ಕೆ ಬರೆಯತೊಡಗಿದ. ಗುಂಪು ಬಿಡುತ್ತೇನೆಂದು ಬೆಳಗ್ಗೆಯೇ ಬರೆದು, ಕಳಿಸದೆ ಇಟ್ಟಿದ್ದ ಸಂದೇಶದ ವಿಷಯ ಅವನು ಯಾರಿಗೂ ಹೇಳಲಿಲ್ಲ.