ಮಹಡಿ ಹತ್ತಿದ ಹಸು

ಮೊದಲ ಮಹಡಿಯ ಮನೆಗೆ ಮುಂಗಡ ಹದಿನೆಂಟು ಸಾವಿರ. ಬಾಗಿಲಿಗೆ ಬಣ್ಣ, ಹೊಸ್ತಿಲಿಗೆ ಹಿತ್ತಾಳೆ ತಗಡು, ಪುರೋಹಿತರು, ಅಡಿಗೆಯವರು, ಬಾಳೆಕಂಬ ಎಲ್ಲ ಸೇರಿ ಇನ್ನೊಂದು ನಾಲ್ಕು ಸಾವಿರ. ಗೃಹಪ್ರವೇಶಕ್ಕೆ ಹಸು, ಕರು ಹೊಡೆದುಕೊಂಡು ಬರುವ ಬೈರಮ್ಮನಿಗೆ ಒಂದು ರವಿಕೆ ಕಣ, ತೆಂಗಿನಕಾಯಿ, ಹನ್ನೊಂದು ರೂಪಾಯಿ. ಅಕ್ಕಸಾಲಿ ನಾಗರಾಜ ಇದಿಷ್ಟನ್ನೂ ಲೆಕ್ಕ ಹಾಕಿಟ್ಟಿದ್ದ. ಹತ್ತಿದ ಹಸು ಇಳಿಯುವುದಿಲ್ಲ ಎಂಬುದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹತ್ತುವಾಗ ತೊಂದರೆಯೇ ಆಗಲಿಲ್ಲ. ನಾಗರಾಜನ ಹೆಂಡತಿ ಜಯಲಕ್ಷ್ಮಮ್ಮ ಬಾಳೆಹಣ್ಣು ತೋರಿಸುತ್ತ ಮುಂದೆ ಹೋದಳು, ಹಿಂದೆ ಹಸು, ಅದರ ಹಿಂದೆ ಕರು. ನಡುಮನೆಯ ಮೊಸಾಯಿಕ್ ನೆಲದ ಮೇಲೆ ಹಸು ಸಗಣಿ ಹಾಕಿದಾಗ ಶುಭವಾಯಿತೆಂದು ನೆಂಟರೆಲ್ಲ ಸಂತೋಷಪಟ್ಟರು. ಪೂಜೆ ಮುಗಿದು ಎಲೆ ಹಾಕುವ ಹೊತ್ತಾಯಿತು. ಹಸು ಮೆಟ್ಟಿಲ ತುದಿಗೆ ಬಂತು, ಕೆಳಗೆ ನೋಡಿತು, ನಾಲ್ಕು ಕಾಲನ್ನೂ ಊರಿ ನಿಂತುಬಿಟ್ಟಿತು. ಮುಂದಿನಿಂದ ಎಳೆದರು, ಹಿಂದಿನಿಂದ ನೂಕಿದರು. ನಾಗರಾಜನ ಹೊಸ ಪಂಚೆ ಹರಿಯಿತು. ಮೇಲಿದ್ದ ನೆಂಟರು ಇಳಿಯುವ ಹಾಗಿಲ್ಲ, ಊಟಕ್ಕೆ ಬಂದವರು ಹತ್ತುವ ಹಾಗಿಲ್ಲ.

ಹೊರಗೆ ಹೊಣಕೆರೆಯ ಕುಳ್ಳಯ್ಯ ಟೆಂಪೊ ನಿಲ್ಲಿಸಿಕೊಂಡು ಹಾರನ್ ಒತ್ತುತ್ತಿದ್ದ. ಪೂಜೆ ಮುಗಿದ ಮೇಲೆ ಆ ಹಸುವನ್ನು ಕೊಂಡೊಯ್ಯಲು ಬಂದವನು ಅವನು. ತೊಂಬತ್ತಾರರಲ್ಲಿ ಪಾಂಡವಪುರದ ಪೇಟೆಬೀದಿ ಅಗಲವಾದಾಗ ನಾಗರಾಜನ ಅಂಗಡಿಮನೆಯ ಜೊತೆಗೆ ಬೈರಮ್ಮನ ಮನೆ, ಕೊಟ್ಟಿಗೆ ಎರಡೂ ಹೋಗಿದ್ದವು. ಇಬ್ಬರಿಗೂ ಇದೇ ಹೊಸ ಕಟ್ಟಡದಲ್ಲಿ ಮನೆ ಸಿಕ್ಕಿತು, ಅವಳಿಗೆ ಕೆಳಗೆ, ಇವನಿಗೆ ಮೇಲೆ. ಹಿಂಭಾಗದ ಮೂಲೆಯಲ್ಲಿ ಹಸುವಿಗೆ ಒಂದಿಷ್ಟು ಜಾಗ ಬಿಡಿ ಎಂದು ಅವಳು ನಿವಾಸಿಗಳ ಸಂಘದ ಮುಂದೆ ಕೇಳಿ ಕೇಳಿ ಸೋತಿದ್ದಳು. ಸಂಘದ ಅಧ್ಯಕ್ಷ ನಾಗರಾಜನೇ. ಕಟ್ಟಡದ ಅಂದ ಕೆಡುತ್ತದೆಂದು ಅವನು ಅಂಗಳದಲ್ಲಿ ಕಬ್ಬಿಣದ ಕಂಬ ನೆಡಿಸಿ ‘ಇಲ್ಲಿ ದನಕರು ಕಟ್ಟಬಾರದು’ ಎಂದು ಬೋರ್ಡು ಹಾಕಿಸಿದ. ಬೈರಮ್ಮ ಕುಳ್ಳಯ್ಯನಿಗೆ ಬಾ ಎಂದು ಹೇಳಿಕಳಿಸಿದ್ದೇನೋ ನಿಜ. ಆದರೆ ಅವನ ದುಡ್ಡನ್ನು ಇನ್ನೂ ಕೈಯಿಂದ ಮುಟ್ಟಿರಲಿಲ್ಲ. ಕೊನೆ ಗಳಿಗೆಯಲ್ಲಾದರೂ ಯಾರಾದರೂ ಇರಲಿ ಬಿಡು ಅಂದಾರೇನೋ ಎಂಬ ಆಸೆ.

“ಬೈರಕ್ಕ, ನಿನ್ನ ಹಸ ನೀನೇ ಇಳಿಸ್ಕೊ ತಾಯಿ,” ಎಂದ ನಾಗರಾಜ, ಬೆವರು ಒರೆಸಿಕೊಳ್ಳುತ್ತ. “ಸಾರು ಆರೋಯ್ತಾ ಅದೆ.”

ಬೈರಮ್ಮ ಮೆಟ್ಟಿಲ ಮೇಲೆ ಕೂತಿದ್ದವಳು ಏಳಲಿಲ್ಲ. “ಕರ ಎತ್ಕೊಂಡೋಗಿ ಅವಳ ಕಣ್ಣಿಗೆ ಕಾಣಂಗೆ ಕೆಳಗೆ ಕಟ್ಟುದ್ರೆ ತಾನೇ ಇಳೀತಾಳೆ.”

“ಮತ್ತೆ ಕಟ್ಟು.”

“ಎಲ್ಲಿ ಕಟ್ಲಿ ಆಚಾರ್ರೆ? ಜಾಗ ನೀವೇ ತೋರ್ಸಿ.”

ನಾಗರಾಜ ಕೆಳಗೆ ನೋಡಿದ. ಗೂಟ ಹೊಡೆಯೋಣವೆಂದರೆ ಅಂಗಳಕ್ಕೆಲ್ಲ ಸಿಮೆಂಟು. ಮೆಟ್ಟಿಲಿಂದ ಕಾಣುವ ಹಾಗೆ ಇದ್ದದ್ದು ಬೋರ್ಡಿನ ಕಂಬ ಒಂದೇ. ಗೊಣಗುತ್ತ, ಕರುವನ್ನು ತಾನೇ ಎತ್ತಿಕೊಂಡು ಹಸುವಿನ ಪಕ್ಕದಲ್ಲಿ ತೂರಿಕೊಂಡು ಇಳಿದು, ಆ ಕಂಬಕ್ಕೇ ಕಟ್ಟಿದ. ಊಟಕ್ಕೆ ಬಂದವರು ಬೋರ್ಡು ಓದಿ, ಮುಖ ಆ ಕಡೆ ತಿರುಗಿಸಿ ನಕ್ಕರು. ಕರು ಕೂಗಿತು. ಬೈರಮ್ಮ ಮೆಟ್ಟಿಲಿಗೆ ಗೋಣಿಚೀಲ ಹಾಸಿ ಹಗ್ಗ ಸಡಿಲ ಬಿಟ್ಟಳು. ಹಸು ನಡುಗುತ್ತ ಒಂದೊಂದೇ ಕಾಲು ಇಳಿಸಿಕೊಂಡು ಬಂತು.

ಅದು ನೆಲ ಮುಟ್ಟುವಷ್ಟರಲ್ಲಿ ಎರಡನೆಯ ಮಹಡಿಯ ಪ್ರಸಾದ್ ಮೇಷ್ಟ್ರು ಎದುರಿಗೆ ಬಂದರು. ಗುರುವಾರ ತಮ್ಮ ಗೃಹಪ್ರವೇಶ, ಅಲ್ಲಿಯವರೆಗಾದರೂ ಮಾರಬೇಡಿ ಎಂದರು. ಅವರ ಪಕ್ಕದ ಮನೆಯವರದು ಅದರ ಮಾರನೆಯ ವಾರ, ಉಳಿದವರದು ಕಾರ್ತೀಕದಲ್ಲಿ. ಪೇಟೆಯಲ್ಲಿ ಉಳಿದಿದ್ದದ್ದು ಇದೊಂದೇ ಹಸು. ನಾಗರಾಜನೂ ಮೆತ್ತಗಾದ.

“ಎಲ್ರ ಮನೇದೂ ಮುಗಿಯೋಗಂಟ ಇರ್ಲಿ ಬುಡು ಬೈರಕ್ಕ. ಬೋರ್ಡಿಗೊಂದು ಚೀಲ ಸುತ್ತನ.”

“ಮುಗುದ್ಮೇಲೆ?”

ನಾಗರಾಜ ಪಂಚೆಯ ಹರಿದ ಅಂಚನ್ನು ಒಳಗೆ ಸಿಕ್ಕಿಸಿಕೊಂಡ. “ಎಲ್ರೂ ಸೇರಿ ಮಾಡಿರೋ ರೂಲ್ಸಲ್ವಾ ಅಕ್ಕ.”

ಬೈರಮ್ಮ ಅವನನ್ನೂ ಮೇಷ್ಟ್ರನ್ನೂ ಒಮ್ಮೆ ನೋಡಿದಳು. “ನಿಮ್ಗೆಲ್ಲ ಒಳಕ್ಕೆ ಬರಕ್ಕೆ ಹಸ ಬೇಕು. ಬಂದ್ಮೇಲೆ ಬ್ಯಾಡ.” ಕಂಬದಿಂದ ಕರುವಿನ ಹಗ್ಗ ಬಿಚ್ಚಿ ಗೇಟಿನ ಕಡೆ ತಿರುಗಿದಳು. “ಲೇ ಕುಳ್ಳಯ್ಯ, ಹಾರನ್ ಸಾಕು ನಿಲ್ಸು ಕಣ್ಲಾ. ಹಲಗೆ ಇಳಿಸು, ಹತ್ತುಸ್ಕೊ.”

ಮೇಷ್ಟ್ರು ಗುರುವಾರಕ್ಕೆ ತೊಣ್ಣೂರಿನಿಂದ ಬಾಡಿಗೆ ತೆತ್ತು ಹಸು ತರಿಸಬೇಕಾಯಿತು. ನಾಗರಾಜನ ಅಂಗಳದ ಅಂದ ಕೆಡಲಿಲ್ಲ. ಬೈರಮ್ಮನ ಕೈಗೆ ನಾಲ್ಕೂವರೆ ಸಾವಿರ ಬಂತು. ಹಸು ಹೋದ ಮಾರನೆಯ ಬೆಳಿಗ್ಗೆ ಅವಳು ಹಾಲಿನ ಬೂತಿನ ಸಾಲಿನಲ್ಲಿ, ಅದುವರೆಗೆ ದಿನವೂ ಅವಳಲ್ಲೇ ವರ್ತನೆ ಹಾಲು ತೆಗೆದುಕೊಳ್ಳುತ್ತಿದ್ದ ನಾಗರಾಜನ ಹಿಂದೆ ನಿಂತು, ಅರ್ಧ ಲೀಟರ್ ಪ್ಯಾಕೆಟ್ ಕೊಂಡಳು. ಹುಟ್ಟಿದ ಮೇಲೆ ಅವಳು ಹಾಲಿಗೆ ದುಡ್ಡು ಕೊಟ್ಟದ್ದು ಅದೇ ಮೊದಲು.